ಅಕ್ಕನ ಪಾಲಿನ ಬಿಲ್ಲೆ

ಮರ ಕುಯ್ಯುವುದು ದೊಡ್ಡ ವಿದ್ಯೆಯೇನಲ್ಲ. ಆದರೆ ಒಂದೇ ದಿಮ್ಮಿಯಿಂದ ಐದು ಬಿಲ್ಲೆಗಳನ್ನು ಒಂದೇ ದಪ್ಪಕ್ಕೆ ಕುಯ್ಯುವುದಿದೆಯಲ್ಲ, ಅದು ಮನುಷ್ಯನ ಜನ್ಮ ಜಾಲಾಡಿಬಿಡುತ್ತದೆ. ಬೈರಕೂರಿನ ನಮ್ಮ ತೋಟದಲ್ಲಿ ಮೂರು ಭಾನುವಾರ ಮೈತುಂಬಾ ಮರದ ಪುಡಿ ಮೆತ್ತಿಕೊಂಡು ನಾನು ಇದನ್ನು ಕಲಿತೆ.

ನಾನಿರುವುದು ಮಾಲೂರಿನಲ್ಲಿ, ಕೆಲಸ ಲಕ್ಕೂರಿನ ಕಡೆಯ ಒಂದು ಕಾರ್ಖಾನೆಯಲ್ಲಿ. ರಜೆಯ ದಿನ ಮರದ ತುಂಡುಗಳನ್ನು ದುಂಡನೆಯ ಬಿಲ್ಲೆಗಳಾಗಿ ಕುಯ್ದು, ಉಜ್ಜಿ, ವಾರ್ನಿಶ್ ಬಳಿದು, ಗಡಿಯಾರವನ್ನೋ ಮನೆಯ ಹೆಸರನ್ನೋ ಕೂರಿಸುವುದು ನನ್ನ ಹುಚ್ಚು. ಅದಕ್ಕೆಂದೇ ಪೆಟ್ರೋಲಿನಲ್ಲಿ ಓಡುವ ಚೈನ್ ಗರಗಸವೊಂದನ್ನು ಇಟ್ಟುಕೊಂಡಿದ್ದೇನೆ. ನನ್ನ ಹೆಂಡತಿ ಅದನ್ನು ಸವತಿ ಎಂದೇ ಕರೆಯುವುದು.

ಹೋದ ವರ್ಷ ತೋಟದ ಬದುವಿನ ಮೇಲಿದ್ದ ನಾಟಿ ಮಾವಿನ ಮರ ಒಂದೊಂದೇ ಕೊಂಬೆ ಒಣಗುತ್ತಾ ಬಂತು. ದೊಡ್ಡಣ್ಣ ಆಳು ಕರೆಸಿ ಕಡಿಸಿದ. ಕೊಂಬೆಗಳು ಸೌದೆಗೆ ಹೋದವು. ಬುಡದ ದಿಮ್ಮಿ ಇನ್ನೂ ಹಸಿಯಾಗಿತ್ತು. ಅದನ್ನು ನೋಡಿದ ಕೂಡಲೇ ನನಗೆ ಹೊಳೆದದ್ದು ಒಂದೇ: ಮನೆಗೊಂದರಂತೆ ಐದು ಬಿಲ್ಲೆ. ಅಣ್ಣಂದಿರು ಮೂವರಿಗೆ ಮೂರು, ನನಗೊಂದು, ಅಕ್ಕನಿಗೊಂದು.

ನಿಜ ಹೇಳಬೇಕೆಂದರೆ ಇಡೀ ಹಟ ಅಕ್ಕನ ಬಿಲ್ಲೆಗಾಗಿಯೇ. ನಮ್ಮೆಲ್ಲರಿಗೂ ಹಿರಿಯಳಾದ ಅಕ್ಕ ಕೋಲಾರದ ಪಕ್ಕದ ಹೋಳೂರಿಗೆ ಮದುವೆಯಾಗಿ ಹೋದವಳು. ಜಮೀನು ಭಾಗವಾದಾಗ ನಾವು ನಾಲ್ವರು ಪಾಲು ಮಾಡಿಕೊಂಡು, ನಮ್ಮ ಕಡೆ ಎಲ್ಲರೂ ಮಾಡುವ ಹಾಗೆ, ಅಕ್ಕನಿಗೆ ಸೀರೆ, ಅರಿಶಿನ ಕುಂಕುಮ ಕೊಟ್ಟು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಂಡೆವು. ಅವಳು ಜಗಳವಾಡಲಿಲ್ಲ. ಸಹಿ ಹಾಕಿ ಹೋದವಳು ಆಮೇಲೆ ಬೈರಕೂರಿಗೆ ಕಾಲಿಡಲಿಲ್ಲ, ಅಷ್ಟೇ. ಈ ಮರದಲ್ಲಾದರೂ ಅವಳಿಗೆ ಸಮಪಾಲು ಸಿಗಬೇಕು, ಅಣ್ಣಂದಿರದಕ್ಕಿಂತ ಅವಳ ಬಿಲ್ಲೆ ಕೂದಲೆಳೆಯಷ್ಟೂ ತೆಳುವಾಗಬಾರದು, ಅದನ್ನು ನೋಡಿ ಅವಳು ಮತ್ತೆ ಮನೆಗೆ ಬರಬೇಕು. ನನಗೆ ಬೇಕಿದ್ದದ್ದು ಇಷ್ಟೇ.

"ಸಾಮಿಲ್ಲಿಗೆ ಹಾಕಿದ್ರೆ ಐದು ನಿಮಿಷದ ಕೆಲಸ ಕಣೋ," ಎಂದ ದೊಡ್ಡಣ್ಣ. ನನಗೆ ಅಭಿಮಾನ ಅಡ್ಡ ಬಂತು.

ಮೊದಲ ಭಾನುವಾರ ಎರಡಿಂಚಿಗೆ ಸೀಮೆಸುಣ್ಣದ ಗೆರೆ ಎಳೆದು ಶುರು ಮಾಡಿದೆ. ಮೇಲಿಂದ ನೋಡಿದರೆ ಗರಗಸ ಗೆರೆಯ ಮೇಲೇ ಇದೆ. ಬಿಲ್ಲೆ ಕಳಚಿ ಬಿದ್ದಾಗ ನೋಡಿದರೆ ಮೇಲುಗಡೆ ಎರಡಿಂಚು, ಕೆಳಗಡೆ ಒಂದೂವರೆ! ಎರಡನೆಯದನ್ನು ಉಸಿರು ಬಿಗಿಹಿಡಿದು ಕುಯ್ದೆ. ಅದೂ ಅಷ್ಟೇ. ಮೂರನೆಯದನ್ನು ಕುಯ್ಯುವಾಗ ಕಿರ್ರೆಂದು ಕಿಡಿ ಹಾರಿತು. ಮರದೊಳಗೆ ಮೊಳೆ! ಯಾವುದೋ ವರ್ಷ ಮರ ಕಾಯಿ ಬಿಡಲಿಲ್ಲವೆಂದು, ಹೊಡೆದರೆ ಬುದ್ಧಿ ಬರುತ್ತದೆಂದು ನಮ್ಮ ತಾತ ಹೊಡೆದಿದ್ದ ಮೊಳೆಗಳಂತೆ. ಮರಕ್ಕೆ ಬುದ್ಧಿ ಬಂದಿತ್ತೋ ಇಲ್ಲವೋ, ನನ್ನ ಚೈನಿನ ಹಲ್ಲಂತೂ ಹೋಯಿತು. ಸತ್ತ ತಾತನನ್ನು ಬಾಯಿಗೆ ಬಂದಂತೆ ಬೈದೆ.

ಮುಳಬಾಗಿಲಿನಲ್ಲಿ ಸಾಣೆ ಹಿಡಿಯುವವನು ಚೈನನ್ನು ಕೈಯಲ್ಲಿ ತಿರುಗಿಸಿ ನೋಡಿ ನಕ್ಕ. "ಇದೇಮಿ ಸಾಮೀ, ಮೊಳೆ ಈಗ ತಗುಲಿರೋದು. ಆದ್ರೆ ಒಂದ್ ಪಕ್ಕದ ಹಲ್ಲು ಮೊದಲಿಂದ್ಲೇ ಮೊಂಡು. ಮನೇಲಿ ನೀವೇ ಅರ ಹಾಕಿದ್ರಾ?"

ಹಾಕಿದ್ದು ನಾನೇ. ಬಲಗೈಗೆ ಸಿಗುವ ಪಕ್ಕವನ್ನು ಚೆನ್ನಾಗಿ ಉಜ್ಜಿ, ಇನ್ನೊಂದು ಪಕ್ಕವನ್ನು ಅವಸರದಲ್ಲಿ ಮುಗಿಸುವುದು ನನ್ನ ಪದ್ಧತಿ. ಚೂಪಾದ ಪಕ್ಕಕ್ಕೆ ಗರಗಸ ವಾಲುತ್ತದೆ, ಬಿಲ್ಲೆ ಓರೆಯಾಗುತ್ತದೆ. ಕುಣಿಯಲಾರದವಳು ನೆಲ ಡೊಂಕು ಎಂದ ಹಾಗೆ ನಾನು ತಾತನನ್ನು ಬೈಯುತ್ತಿದ್ದೆ.

ಎರಡನೆಯ ಭಾನುವಾರ ಮೊಳೆಯಿದ್ದ ತುಂಡನ್ನು ತೆಗೆದುಹಾಕಿ, ದಿಮ್ಮಿಯ ಎರಡೂ ಪಕ್ಕ ಹಲಗೆ ನಿಲ್ಲಿಸಿ, ಅವುಗಳ ಅಂಚಿಗೇ ಗರಗಸವನ್ನು ಒರಗಿಸಿ ಕುಯ್ದೆ. ಐದಕ್ಕೆ ಐದೂ ಸಮ ಬಂದವು. ಸುತ್ತಲೂ ಟೇಪು ಹಿಡಿದು ನೋಡಿದೆ, ಒಂದು ನೂಲೂ ಹೆಚ್ಚುಕಮ್ಮಿ ಇಲ್ಲ. ಸಂತೋಷಕ್ಕೆ ತಲೆ ತಿರುಗಿಹೋಯಿತು. ಆ ತಲೆಯಿಂದಲೇ ಮುಂದಿನ ಕೆಲಸವನ್ನೂ ಮಾಡಿದೆ: ಮಾಲೂರಿಗೆ ತಂದು, ತಾರಸಿಯ ಮೇಲೆ ಹಳೆಯ ಪಂಚೆ ಹಾಸಿ, ಐದನ್ನೂ ಒಳ್ಳೆಯ ಬಿಸಿಲಿಗೆ ಹರಡಿದೆ. ನಮ್ಮ ಸೀಮೆಯಲ್ಲಿ ಹಸಿಯಾದದ್ದು ಏನು ಕುಯ್ದರೂ ಅದು ಹೋಗುವುದು ತಾರಸಿಗೇ. ಉಪ್ಪು ಹಾಕಿದ ಮಾವಿನಕಾಯಿ ಹೋಳು, ಹುಣಸೆಹಣ್ಣು, ಸಂಡಿಗೆ, ಮೆಣಸಿನಕಾಯಿ, ಎಲ್ಲವೂ ಅಲ್ಲೇ. ಮಾವಿನ ಹೋಳಿಗೊಂದು ನ್ಯಾಯ, ಮಾವಿನ ಮರಕ್ಕೊಂದು ನ್ಯಾಯ ಇರುತ್ತದೆಂದು ನನ್ನ ತಲೆಗೆ ಬರಲೇ ಇಲ್ಲ. ಹೆಂಡತಿಯೂ ಕಾಗೆ ಬರದಿರಲೆಂದು ಪಕ್ಕದಲ್ಲಿ ನಾಲ್ಕು ಒಣಮೆಣಸಿನಕಾಯಿ ಇಟ್ಟುಬಂದಳು.

ಮೂರನೆಯ ದಿನ ಹತ್ತಿ ನೋಡಿದರೆ ಐದೂ ನಡುವಿನಿಂದ ಅಂಚಿನವರೆಗೆ ಸೀಳಿಕೊಂಡಿದ್ದವು. ಬೆರಳು ತೂರುವಷ್ಟು ಸೀಳು. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಕೋಪ ಬಂತು. ಒಂದನ್ನು ಎತ್ತಿ ನೆಲಕ್ಕೆ ಅಪ್ಪಳಿಸಿದೆ. ಕೆಳಗಿನಿಂದ ಹೆಂಡತಿ, "ತಾರಸಿ ಒಡೀಬೇಡ್ರೀ, ಅದನ್ನ ಕುಯ್ಯಕ್ಕಾಗಲ್ಲ," ಎಂದಳು.

ಮೂರನೆಯ ಭಾನುವಾರಕ್ಕೆ ದಿಮ್ಮಿ ಮೊಳಕಾಲುದ್ದ ಉಳಿದಿತ್ತು. ಈ ಸಲ ತಪ್ಪಿದರೆ ಮರವೇ ಇಲ್ಲ. ಒಂದೊಂದು ಬಿಲ್ಲೆಗೂ ಮಧ್ಯೆ ಗರಗಸ ನಿಲ್ಲಿಸಿ, ಬೆವರೊರೆಸಿಕೊಂಡು, ಹಲಗೆ ಸರಿಯಿದೆಯೇ ಎಂದು ಎರಡೆರಡು ಸಲ ಅಳೆದು ಕುಯ್ದೆ. ನಿಧಾನವಾಗಿ ಒಣಗಲೆಂದು ಐದನ್ನೂ ಗೋಣಿಚೀಲದಲ್ಲಿ ಸುತ್ತಿ ಮಂಚದ ಕೆಳಗೆ ನೆರಳಿನಲ್ಲಿಟ್ಟೆ. ನಾಲ್ಕು ತಿಂಗಳು ಹೆಂಡತಿ ಆ ಮಂಚದ ಕೆಳಗೆ ಪೊರಕೆ ಹಾಕದಂತೆ ಕಾದೆ. ಒಂದೂ ಸೀಳಲಿಲ್ಲ. ಉಜ್ಜಿ, ವಾರ್ನಿಶ್ ಬಳಿದು, ಅಣ್ಣಂದಿರಿಗೆ ಕೊಟ್ಟೆ. ದೊಡ್ಡಣ್ಣ ತನ್ನದರ ಮೇಲೆ ತಮ್ಮನದನ್ನು ಇಟ್ಟು ಹೋಲಿಸಿ ನೋಡಿಯೇ ತೆಗೆದುಕೊಂಡ.

ಅಕ್ಕನದನ್ನು ಬೈಕಿಗೆ ಕಟ್ಟಿಕೊಂಡು ಹೋಳೂರಿಗೆ ಹೋದೆ. ಅವಳು ಜಗಲಿಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಬಿಲ್ಲೆಯನ್ನು ಮಡಿಲಲ್ಲಿಟ್ಟುಕೊಂಡು ಅಂಗೈಯಲ್ಲಿ ಸವರಿದಳು. ನಾನು ಒಂದೇ ಉಸಿರಿಗೆ ಮೊಳೆ, ಚೈನು, ಬಿಸಿಲು, ಎಲ್ಲವನ್ನೂ ಹೇಳಿದೆ. "ಅಣ್ಣಂದಿರದೂ ಇಷ್ಟೇ ದಪ್ಪ ಅಕ್ಕಾ. ಒಂದು ನೂಲೂ ಹೆಚ್ಚುಕಮ್ಮಿ ಇಲ್ಲ."

"ಯಾವ ಮರಾನೋ ಇದು?"

"ಬದುವಿನ ಮೇಲಿತ್ತಲ್ಲ ಅಕ್ಕಾ, ನಾಟಿ ಮರ."

ಅವಳ ಕೈ ನಿಂತಿತು. "ಕಡಿದ್ಬಿಟ್ರಾ?"

ಕಡಿದು ನಾಲ್ಕೂವರೆ ತಿಂಗಳಾಗಿತ್ತು. ಇಷ್ಟು ದಿನದಲ್ಲಿ ನಾವು ಯಾರೂ ಅವಳಿಗೆ ಒಂದು ಫೋನ್ ಮಾಡಿರಲಿಲ್ಲ. ಟೇಪು ಹಿಡಿದು ಅಳೆಯುವಾಗಲೂ ನನಗದು ಹೊಳೆದಿರಲಿಲ್ಲ.

"ಒಣಗ್ತಿತ್ತು..." ಎಂದೆ.

"ಒಣಗ್ತಿದ್ರೆ ಒಣಗ್ತೈತೆ ಬಾರಕ್ಕಾ, ನೋಡೋಗು ಅನ್ಬಾರ್ದಾ? ಅವತ್ತೂ ಹಂಗೇ. ಎಲ್ಲಾ ನೀವ್ನೀವೇ ಮಾತಾಡಿ ಮುಗಿಸಿ, ಕೊನೇಲಿ ಪೇಪರ್ ತಂದು ಸೈನ್ ಹಾಕಕ್ಕಾ ಅಂದ್ರಿ. ನಂಗೆ ಪಾಲು ಬೇಕಿತ್ತು ಅಂದ್ನೇನೋ ನಾನು? ಒಂದ್ ಮಾತು ಕೇಳ್ಬೇಕಿತ್ತು ಕಣೋ."

ಅವಳು ಬಿಲ್ಲೆಯನ್ನು ಎತ್ತಿ ನನ್ನ ಕೈಗೇ ಕೊಟ್ಟಳು. ದನಿಯಲ್ಲಿ ಕೋಪವೇ ಇರಲಿಲ್ಲ, ಅದಕ್ಕೇ ಇನ್ನೂ ಉರಿಯಿತು.

"ತಗೊಂಡ್ ಹೋಗು. ನಾಲ್ಕು ಭಾಗ ಮಾಡ್ಕೊಳ್ಳಿ. ಸಮ ಕುಯ್ಯೋದು ನಿಂಗೆ ಚೆನ್ನಾಗಿ ಬಂದೈತಲ್ಲ."

ಆಮೇಲೆ ಅವರೆಕಾಯಿ ಮೊರ ಹಿಡಿದು ಎದ್ದಳು. "ಕೈಕಾಲು ತೊಳ್ಕೊ. ಮುದ್ದೆ ತಿರುವ್ತೀನಿ, ಉಂಡ್ಕೊಂಡ್ ಹೋಗು."

ತಲೆ ತಗ್ಗಿಸಿಕೊಂಡು ಉಂಡೆ. ಹೊರಡುವಾಗ ಬಿಲ್ಲೆಯನ್ನು ಮತ್ತೆ ಬೈಕಿಗೆ ಕಟ್ಟಿದೆ. ಅಕ್ಕ ಹಿಂದೆಯೇ ಬಂದು ಹಗ್ಗ ಎಳೆದು ನೋಡಿ, ಸಡಿಲವಾಗಿದೆ, ದಾರಿಯಲ್ಲಿ ಬಿದ್ದುಹೋಗುತ್ತದೆ ಎಂದು ತಾನೇ ಇನ್ನೊಂದು ಗಂಟು ಹಾಕಿದಳು.