ಸೊಂಟದ ಗುಟ್ಟು

ಬಚ್ಚಿಟ್ಟ ವಸ್ತು ಎಲ್ಲಿದೆಯೆಂದು ಊರಿಗೆಲ್ಲ ಸಾರುವ ಚಾಡಿಕೋರ ಬೇರಾರೂ ಅಲ್ಲ, ಬಚ್ಚಿಟ್ಟವನ ಕೈಯೇ. ಬೆಳಗಾವಿಯ ಬಸ್ ನಿಲ್ದಾಣದಲ್ಲಿ ಒಂದು ಗಳಿಗೆ ನಿಂತು ನೋಡಿ: ಯಾರ ದುಡ್ಡು ಯಾವ ಜೇಬಿನಲ್ಲಿದೆಯೆಂದು ಅವರವರ ಅಂಗೈಯೇ ತಡವಿ ತಡವಿ ಹೇಳಿಬಿಡುತ್ತದೆ. ಹೀಗೆ ಪರರನ್ನು ಕಂಡು ನಗುವ ನನ್ನ ಕೈ ಮಾತ್ರ ಜೇಬಿಗಲ್ಲ, ಬಲಸೊಂಟಕ್ಕೆ ಹೋಗುತ್ತದೆ. ಅಲ್ಲಿ, ಕೋಟಿನ ಮರೆಯಲ್ಲಿ, ಒಂದು ಪಿಸ್ತೂಲಿದೆ.

ಗಾಬರಿಯಾಗಬೇಡಿ. ನನ್ನದು ಬಂಗಾರದ ವ್ಯಾಪಾರ, ಪಿಸ್ತೂಲಿಗೆ ಲೈಸನ್ಸ್ ಇದೆ. ನಮ್ಮೂರಿನಲ್ಲಿ ಉಪ್ಪಿಟ್ಟು ತಿಂದು ಹೊರಟರೆ ಊಟದ ಹೊತ್ತಿಗೆ ಗೋವೆಯೋ ಮಹಾರಾಷ್ಟ್ರವೋ ಎದುರಾಗುವುದರಿಂದ, ಕರ್ನಾಟಕದ ಎಲ್ಲೆಗೇ ಮುಗಿಯುತ್ತಿದ್ದ ಆ ಪರವಾನಗಿಯನ್ನು ಕಚೇರಿಗಳ ಮೆಟ್ಟಿಲು ಸವೆಸಿ ಇಡೀ ಭರತಖಂಡಕ್ಕೆ ವಿಸ್ತರಿಸಿಕೊಂಡಿದ್ದೇನೆ. ದೇಶಾದ್ಯಂತ ಸಶಸ್ತ್ರ ಸಂಚಾರದ ಹಕ್ಕು ಪಡೆದ ಈ ಶೂರ, ನಮ್ಮೂರ ಕ್ಯಾಂಪ್ ಬಡಾವಣೆಯಲ್ಲಿ ಬೀದಿನಾಯಿ ಬೊಗಳಿದರೆ ಈಗಲೂ ರಸ್ತೆಯ ಆಚೆ ಬದಿಗೆ ಸರಿಯುತ್ತಾನೆ.

ಹೀಗಿರುವಾಗ ಖಾನಾಪುರದ ನನ್ನ ತಂಗಿ ಶಾಂತಾಳ ಮಗಳು ಗಿರಿಜೆಗೆ ಗೋವೆಯ ಫೋಂಡಾದಲ್ಲಿ ನೆಲೆಸಿದ ನಮ್ಮ ಕಡೆಯವರದೇ ಸಂಬಂಧ ಬಂತು. ಹುಡುಗ ಹುಡುಗಿ ಪರಸ್ಪರ ಮೆಚ್ಚಿಯಾಗಿತ್ತು. ಹುಡುಗನ ಅಜ್ಜಿ ಹೂಂ ಅನ್ನುವುದಷ್ಟೇ ಬಾಕಿ. ಸೋದರಮಾವನಾದ ನಾನು ದೇಸೂರು ದಾಟಿ ಖಾನಾಪುರಕ್ಕೆ ಹೋಗಿ ತಾಯಿ ಮಗಳನ್ನು ಕಾರಿಗೆ ಹತ್ತಿಸಿಕೊಂಡೆ. ಶಾಂತಾಳ ಕಣ್ಣು ನೇರವಾಗಿ ನನ್ನ ಕೋಟಿನ ಮೇಲೆ ಬಿತ್ತು.

“ಅಣ್ಣಾ, ಇಂಥಾ ಸೆಕಿಯೊಳಗ ಕೋಟ ಯಾಕ? ಖರೇ ಹೇಳು, ಅದನ್ನ ತಂದೀಯಿಲ್ಲ?”

“ಗೋವಾದಾಗೂ ನಡೀತೈತಿ, ಲೈಸನ್ಸ್ ಐತಿ,” ಎಂದೆ.

“ಬೀಗರ ಮನ್ಯಾಗ ನಡೀತೈತೇನು?” ಎಂದು ಮುಖ ತಿರುಗಿಸಿದಳು.

ಗಡಿಯಲ್ಲಿ ಯಾರಾದರೂ ತಡೆದಾರು, ಕಾಗದ ತೋರಿಸಿ ಗಂಭೀರವದನನಾಗಿ ಮುಂದೆ ಸಾಗಬೇಕೆಂದು ಬಹಳ ಆಸೆಯಿತ್ತು. ಪೊಲೀಸ್ ಪೇದೆ ಮೊಬೈಲಿನಿಂದ ತಲೆಯನ್ನೂ ಎತ್ತಲಿಲ್ಲ.

ಫೋಂಡಾದಲ್ಲಿ ಕುರ್ಚಿಯ ಮೇಲೆ ಕುಳಿತಿದ್ದ ಅಜ್ಜಿಯ ಕಾಲಿಗೆರಗಲು ಹೋದೆ. ಅರ್ಧ ಬಗ್ಗುವಷ್ಟರಲ್ಲಿ ಪಿಸ್ತೂಲು ಪಕ್ಕೆಗೆ ಒತ್ತಿತು. ಸೊಂಟ ಹಿಡಿದು ನೆಟ್ಟಗಾಗಿ, ಅಲ್ಲಿಂದಲೇ ಕೈಮುಗಿದೆ. ಊಟಕ್ಕೆ ಎಲ್ಲರೂ ನೆಲದ ಮೇಲೆ ಕುಳಿತಾಗ ನಾನೊಬ್ಬ ಕುರ್ಚಿ ಕೇಳಿದೆ. ಹೋಳಿಗೆ ಬಡಿಸುವವರು ಬಾಜುವಿಗೆ ಬಂದಾಗಲೆಲ್ಲ ಕೈ ತಾನಾಗಿ ಸೊಂಟಕ್ಕೆ ಹೋಯಿತು. ಅಜ್ಜಿ ಎಲ್ಲವನ್ನೂ ನೋಡುತ್ತಿದ್ದರು.

“ತಮ್ಮಾ, ಕಿಡ್ನಿ ಹರಳಿನ ಬ್ಯಾನಿ ಐತೇನು ನಿನಗ? ನಿಮ್ಮ ಮನೆತನದಾಗ ಎಲ್ಲಾರಿಗೂ ಐತೇನು? ಹುಡುಗಿಗೂ?”

ಗಿರಿಜೆಯ ಕೈಯಲ್ಲಿನ ತುತ್ತು ಎಲೆಗೆ ಇಳಿಯಿತು. ಸುಮ್ಮನಿದ್ದರೆ ಹುಡುಗಿ ವಂಶಪಾರಂಪರ್ಯ ರೋಗಿ. ಬಾಯಿಬಿಟ್ಟರೆ ಆಕೆಯ ಮಾವ ಗೂಂಡಾ. ರೋಗವಾದರೆ ಅವಳ ತಲೆಗೆ, ಗೂಂಡಾಗಿರಿಯಾದರೆ ನನ್ನ ತಲೆಗೆ ಎಂದು ಲೆಕ್ಕ ಹಾಕಿ ಹೇಳಿಬಿಟ್ಟೆ: “ಬ್ಯಾನಿ ಅಲ್ಲರೀ ಆಯಿ, ಪಿಸ್ತೂಲು. ಲೈಸನ್ಸ್ ಐತ್ರೀ.”

ಅಜ್ಜಿ ಬೆಚ್ಚಲಿಲ್ಲ. ಮಜ್ಜಿಗೆಯ ವಾಟಿ ಕೆಳಗಿಟ್ಟು ಕೇಳಿದರು: “ನಮ್ಮ ಮನ್ಯಾಗ ಯಾರಿಗೆ ಅಂಜಿ ತಂದೀಯೋ?”

ಕಳ್ಳರು, ದರೋಡೆಕೋರರು, ಘಟ್ಟದ ನಿರ್ಜನ ರಸ್ತೆ ಎಂದು ಸಿದ್ಧವಾಗಿದ್ದ ಉತ್ತರಗಳನ್ನೆಲ್ಲ ಬಿಟ್ಟು, “ನಿಮಗರೀ,” ಎಂದೆ. “ನೀವು ಒಲ್ಲೆ ಅಂದ್ರ ನಮ್ಮ ಹುಡುಗಿ ಅಳತಾಳರೀ.” ಬಾಯಿಂದ ಬಿದ್ದ ಮೇಲೆಯೇ ಅದು ಸತ್ಯವೆಂದು ನನಗೂ ತಿಳಿದದ್ದು. ಅದಕ್ಕೆ ಯಾವ ಪಿಸ್ತೂಲು ಏನು ಮಾಡೀತು?

ಮೊದಲು ನಕ್ಕವಳು ಗಿರಿಜೆ, ಆಮೇಲೆ ಹುಡುಗ. ಅವರಿಬ್ಬರೂ ಕೂಡಿ ನಗುವುದನ್ನು ಅಜ್ಜಿ ಸ್ವಲ್ಪ ಹೊತ್ತು ನೋಡಿದರು. “ನಗೋ ಹುಡುಗಿ ಬರ್ಲಿ ಮನಿಗೆ,” ಎಂದರು. ನನ್ನ ಕಡೆ ತಿರುಗಿ, “ನೀ ಮಾತ್ರ ಮದುವಿಯೊಳಗ ನನ್ನ ಕಾಲಿಗೆ ಪೂರಾ ಬಗ್ಗಬೇಕು, ನೋಡು,” ಎಂದರು.

ಕಳೆದ ತಿಂಗಳು ಖಾನಾಪುರದಲ್ಲಿ ಮದುವೆಯಾಯಿತು. ಪಿಸ್ತೂಲನ್ನು ಮನೆಯ ತಿಜೋರಿಯಲ್ಲಿ ಬೀಗ ಹಾಕಿಟ್ಟು, ಬರೀ ಅಂಗಿಯಲ್ಲಿ ಹೋಗಿ, ಹಣೆ ನೆಲ ಮುಟ್ಟುವಷ್ಟು ಬಗ್ಗಿದೆ. ಅಜ್ಜಿಯ ಕೈ ನನ್ನ ತಲೆಯ ಮೇಲೆ ಬಂತು. ಅಲ್ಲಿ ನಿಲ್ಲದೆ ಬೆನ್ನಿನುದ್ದಕ್ಕೂ ಇಳಿದು ಬಲಸೊಂಟವನ್ನು ಎರಡು ಸಲ ತಡವಿ, ಏನೂ ಇಲ್ಲವೆಂದು ಖಾತ್ರಿಯಾದ ಮೇಲೆ, ಮತ್ತೆ ತಲೆಯ ಮೇಲೇರಿ ಆಶೀರ್ವಾದವನ್ನು ಪೂರ್ತಿ ಮಾಡಿತು.