ಎರಡು ಗಡಿಯಾರಗಳ ಊರಿನವರು

ಈ ಮಾತನ್ನು ಹೇಳುವುದನ್ನು ನಾನು ವರ್ಷಗಳಿಂದ ಮುಂದೂಡುತ್ತಲೇ ಬಂದಿದ್ದೇನೆ. ವಿಷಯ ದೊಡ್ಡದೇನಲ್ಲ, ಬಟಾಣಿ ತುಂಬಿದ ಪಫ್‌ನದು. ಒಂದು ತುಣುಕನ್ನೂ ತಿನ್ನದೆ ಹೋದ ಆ ತಿಂಡಿ ನನ್ನ ಗಂಟಲಲ್ಲಿ ಇನ್ನೂ ಸಿಕ್ಕಿಕೊಂಡಿದೆ.

ಸಿಡ್ನಿಯ ಕ್ವೇಕರ್ಸ್ ಹಿಲ್‌ನಲ್ಲಿ ಮಗನ ಜೊತೆ ಇದ್ದಾಗ ಪಕ್ಕದ ಮನೆಯಲ್ಲಿದ್ದವರು ಮಾಲ್ಟಾ ದ್ವೀಪದ ಹಿರಿಯರೊಬ್ಬರು. ಭಾನುವಾರ ಇಗರ್ಜಿಯಲ್ಲಿ ಪ್ರಾರ್ಥನೆ ಮುಗಿಸಿ ಬಂದವರೇ ಬೇಲಿಯ ಮೇಲಿಂದ ಬಿಸಿ ಪಫ್‌ಗಳ ಪೊಟ್ಟಣ ನೀಡಿ, ಅಲ್ಲೇ ನಿಂತು ತಮ್ಮ ಊರನ್ನು ಮಾತಿನಲ್ಲೇ ಕಟ್ಟತೊಡಗುತ್ತಿದ್ದರು. ಅವರ ಇಂಗ್ಲಿಷೂ ನನ್ನ ಹೈಸ್ಕೂಲಿನ ಇಂಗ್ಲಿಷೂ ಒಂದೇ ಅಳತೆಯವಾದ್ದರಿಂದ ನಮಗೆ ತೊಂದರೆಯಾಗುತ್ತಿರಲಿಲ್ಲ. ಸಮುದ್ರಕ್ಕೆ ನಾಲಿಗೆ ಚಾಚಿದಂತಿರುವ ಗುಡ್ಡದ ಮೇಲೆ ರಾಜಧಾನಿ ವಲೆಟ್ಟಾ. ಬಂದರಿನ ಸುತ್ತ ಒಂದು ಮುಗಿದು ಇನ್ನೊಂದು ಎಲ್ಲಿ ಶುರುವಾಯಿತೆಂದು ತಿಳಿಯದ ಹಾಗೆ ಒರಗಿಕೊಂಡು ಬೆಳೆದ ಪೇಟೆಗಳು. ಜೇನುಬಣ್ಣದ ಸುಣ್ಣಕಲ್ಲಿನ ಮನೆಗಳು. ಹೊಳೆಯಿಲ್ಲದ ನೆಲವಾದ್ದರಿಂದ ಚಾವಣಿಯ ಮಳೆನೀರು ಕೂಡಿಡಲು ಮನೆಯಡಿಯಲ್ಲೇ ಕೊರೆದ ಬಾವಿಗಳು. ಅವರ ಅಪ್ಪನೂ ಅಜ್ಜನೂ ಹಡಗುಕಟ್ಟೆಯಲ್ಲಿ ದುಡಿದವರು. ಅಲ್ಲಿ ಕೆಲಸ ಕಡಿಮೆಯಾದಾಗ ಇವರು ಆಸ್ಟ್ರೇಲಿಯಾಕ್ಕೆ ಬಂದರು.

"ಆಗ ಹಡಗು ರಿಪೇರಿ ಮಾಡ್ತಿದ್ವಿ, ಈಗ ಹಡಗಲ್ಲಿ ಬಂದ ಟೂರಿಸ್ಟುಗಳಿಗೆ ಕಾಫಿ ಮಾರ್ತೀವಿ" ಎಂದು ನಗುತ್ತಿದ್ದರು. ಅಲ್ಲಿಯ ಇಗರ್ಜಿಗಳಿಗೆ ಎರಡು ಗಡಿಯಾರವಂತೆ. ಒಂದರಲ್ಲಿ ಸರಿಯಾದ ವೇಳೆ, ಇನ್ನೊಂದರಲ್ಲಿ ತಪ್ಪು.

"ಅದ್ಯಾಕೆ?" ಎಂದೆ.

"ಸೈತಾನನಿಗೆ ಪೂಜೆಯ ಟೈಮ್ ಗೊತ್ತಾಗಬಾರದು."

"ಜನರಿಗೂ ಗೊತ್ತಾಗದಿದ್ದರೆ?"

"ನಾವು ಹೇಗೂ ಲೇಟು, ಮೈ ಫ್ರೆಂಡ್."

ನಾನು ಉಡುಪಿಯವನು, ಮಾಂಸ ಮುಟ್ಟದ ಮನೆಯವನು. ಪರಿಚಯವಾದ ದಿನವೇ ಅದನ್ನು ಅವರಿಗೆ ಹೇಳಿದ್ದೆ. ಆದರೆ ಆ ಪಫ್‌ನ ಹಿಟ್ಟನ್ನು ಹಂದಿಯ ಕೊಬ್ಬು ಹಾಕಿ ಮಾಡುತ್ತಾರೆಂದು ಯಾರೋ ಕಿವಿಗೆ ಹಾಕಿದ್ದರು. ಕೇಳಿದ್ದರೆ ಮುಗಿಯುತ್ತಿತ್ತು, ಕೇಳಲು ದಾಕ್ಷಿಣ್ಯ. ಪ್ರತಿ ಭಾನುವಾರ ಎರಡೂ ಕೈಯಲ್ಲಿ ಪೊಟ್ಟಣ ಪಡೆದು, ಹಾಗೇ ಕಸದ ಬಿನ್ನಿಗೆ ಹಾಕಿ, ಮರುದಿನ "ವೆರಿ ನೈಸ್" ಎನ್ನುತ್ತಿದ್ದೆ. ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಅರ್ಧ ಆಯುಸ್ಸು ಕೂತು, ಎಲೆಯಲ್ಲಿ ಅನ್ನ ಬಿಟ್ಟವರನ್ನು ಗುರಾಯಿಸಿದವನು ನಾನು.

ಕಸದ ಲಾರಿ ಬರುವ ಒಂದು ಬೆಳಗ್ಗೆ ಬಿಳಿ ಕಾಕಟೂ ಹಕ್ಕಿಗಳು ನಮ್ಮ ಬಿನ್ನಿನ ಮುಚ್ಚಳ ಎತ್ತಿ, ಪೊಟ್ಟಣವನ್ನು ರಸ್ತೆಬದಿಯ ಹುಲ್ಲಿಗೆ ಎಳೆದುಹಾಕಿದ್ದವು. ಪಕ್ಕದ ಮನೆಯ ಹಿರಿಯರು ಬಗ್ಗಿ ಪಫ್‌ಗಳನ್ನು ಒಂದೊಂದಾಗಿ ಹೆಕ್ಕಿ ಬಿನ್ನಿಗೆ ಹಾಕಿ, ಮುಚ್ಚಳದ ಮೇಲೆ ಕಲ್ಲಿಟ್ಟು ಹೋದದ್ದನ್ನು ಕಿಟಕಿಯ ಪರದೆಯ ಹಿಂದೆ ನಿಂತು ನೋಡಿದೆ. ಮುಂದಿನ ಭಾನುವಾರ ಎಂದಿನಂತೆ ಕೈಬೀಸಿದರು. ಪೊಟ್ಟಣ ಬರಲಿಲ್ಲ.

ಮಗ ಮೆಲ್ಬರ್ನಿನ ಕ್ಲೈಡ್ ನಾರ್ತ್‌ನಲ್ಲಿ ಮನೆ ಕೊಂಡು ನಾವು ಹೊರಟ ದಿನ ಅವರ ಮಗಳು ಬಂದು ಹೇಳಿದಳು: "ಅಪ್ಪ ನಿಮಗೆ ಅಂತಲೇ ಬೇರೆ ಹಿಟ್ಟು ಕಲಸೋರು, ಬರೀ ಬೆಣ್ಣೆ ಹಾಕಿ. ಆ ಪಾತ್ರೆ ನಮಗೂ ಮುಟ್ಟೋಕೆ ಬಿಡ್ತಿರಲಿಲ್ಲ, ಗೊತ್ತಾ?"

ಅವರು ತಮ್ಮ ಗೇಟಿನ ಬಳಿ ನಿಂತಿದ್ದರು. ಹತ್ತು ಹೆಜ್ಜೆ ಇದ್ದಿರಬಹುದು. ನಾನು ಕಾರಿನಲ್ಲಿ ಕೂತು ಬೆಲ್ಟ್ ಹಾಕಿಕೊಂಡೆ.

ಕಳೆದ ಚಳಿಗಾಲ ಅವರು ತೀರಿಕೊಂಡರು. ಅವರ ಊರಿನ ತಪ್ಪು ಗಡಿಯಾರ ಊರಿಗೆಲ್ಲ ಗೊತ್ತಿದ್ದ ಸುಳ್ಳು, ಸೈತಾನನೊಬ್ಬನಿಗಾಗಿ ಇಟ್ಟದ್ದು. ನನ್ನ ಸುಳ್ಳನ್ನು ನಾನು ಇಟ್ಟದ್ದು ನನಗಾಗಿ ಮಡಿ ಪಾಲಿಸಿದ ಮನುಷ್ಯನ ಎದುರು. ಮಡಿಯೆಂದರೇನೆಂದು ನಮ್ಮಿಬ್ಬರಲ್ಲಿ ಬಲ್ಲವರು ಅವರೇ ಎಂದು ಈಗ ಅನಿಸುತ್ತದೆ.

ಮೊನ್ನೆ ಮೊಮ್ಮಗಳಿಗೆ ಶಾಲೆಯಲ್ಲಿ ಮೆಡಿಟರೇನಿಯನ್ ಸಮುದ್ರದ ಒಂದು ನಗರದ ಬಗ್ಗೆ ಬರೆಯಬೇಕಿತ್ತು. ಬಂದರು, ಕಲ್ಲು, ಬಾವಿ, ಹಡಗುಕಟ್ಟೆ ಎಲ್ಲವನ್ನೂ ಉಸಿರು ಬಿಡದೆ ಹೇಳಿದೆ. ಅವಳು ಬೆರಗಾಗಿ ಟೈಪ್ ಮಾಡಿಕೊಂಡಳು.

"ಹೂ ಟೋಲ್ಡ್ ಯು ಆಲ್ ದಿಸ್, ಅಜ್ಜ? ಟೀಚರ್‌ಗೆ ನೇಮ್ ಬೇಕು."

ಆ ಹೆಸರನ್ನು ಇಲ್ಲಿಯವರೆಗೆ ನಿಮಗೂ ಹೇಳದೆ ತಪ್ಪಿಸಿಕೊಂಡು ಬಂದಿದ್ದೇನೆ. ಅವಳ ಪಕ್ಕ ಕೂತು, ತಪ್ಪಾಗದಂತೆ, ಒಂದೊಂದೇ ಅಕ್ಷರ ಹೇಳಿ ಬರೆಸಿದೆ: ಕಾರ್ಮೆನು.