ಶನಿವಾರ ನಾನೊಡೆದ ಅರಗಿನ ಮುದ್ರೆ

ತೊಂಬತ್ತರ ದಶಕದ ಒಂದು ಸೋಮವಾರ, ಬೆಳಿಗ್ಗೆ ಹತ್ತು ಗಂಟೆ ಐದು ನಿಮಿಷ. ನಮ್ಮ ಕುಣಿಗಲ್ ಉಪಖಜಾನೆಯ ಭದ್ರತಾ ಕೊಠಡಿಯಲ್ಲಿ ಇದ್ದವರು ಮೂವರು: ತಪಾಸಣೆಗೆಂದು ದಿಢೀರನೆ ಬಂದ ಮೇಲಧಿಕಾರಿ, ಖಜಾನಾಧಿಕಾರಿಯಾಗಿದ್ದ ನಾನು, ಹೆಡ್ ಅಕೌಂಟೆಂಟ್ ಆಗಿದ್ದ ನೀವು. ರುದ್ರಯ್ಯನವರೇ, ಛಾಪಾಕಾಗದದ ಕಟ್ಟಿನ ಮುದ್ರೆ ಒಡೆದವನು ನಾನು.

ಆ ಕೊಠಡಿಗೆ ಎರಡು ಬೀಗ — ಒಂದರ ಕೀಲಿ ನನ್ನಲ್ಲಿ, ಇನ್ನೊಂದರದು ನಿಮ್ಮಲ್ಲಿ. ತೆರೆಯುವಾಗಲೂ ಮುಚ್ಚುವಾಗಲೂ ಇಬ್ಬರೂ ಇರಬೇಕು. ನೀವು ಚೇಳೂರಿನಲ್ಲಿ ಮನೆ ಕಟ್ಟಿಸುತ್ತಿದ್ದಿರಿ. ಈ ಸಂಬಳದಲ್ಲಿ ಹೇಗೆ? ತಿಂಗಳುಗಟ್ಟಲೆ ನಿಮ್ಮನ್ನು ಗಮನಿಸಿದೆ — ನಿಮ್ಮ ಕೈಚೀಲ, ನಿಮ್ಮನ್ನು ಕಾಣಲು ಬರುವವರ ಮುಖ, ಕೊನೆಗೆ ನಿಮ್ಮ ಸುಮ್ಮನಿರುವಿಕೆಯನ್ನೂ. ಹಿಂದಿನ ಶನಿವಾರ ಇಬ್ಬರೂ ಕೊಠಡಿ ತೆರೆದಿದ್ದಾಗ, ಪಿಂಚಣಿದಾರರೊಬ್ಬರು ಕರೆದರೆಂದು ನೀವು ಕೌಂಟರಿಗೆ ಹೋದಾಗ, ಮುದ್ರೆ ಒಡೆದು ಹಾಳೆ ಎಣಿಸಿದೆ. ಒಂದೂ ಕಡಿಮೆಯಿರಲಿಲ್ಲ. ಹೊಸ ಅರಗು ಹಾಕಬೇಕಾದರೆ ನಿಮಗೆ ಹೇಳಬೇಕಿತ್ತು. ಕಟ್ಟನ್ನು ಹಿಂದಕ್ಕೆ ತಳ್ಳಿದೆ.

"ಯಾರ್ರೀ ಇದನ್ನ ಒಡ್ದಿರೋದು?" ಎಂದರು ಮೇಲಧಿಕಾರಿ.

ನಿಯಮಕ್ಕೆ ಹೆಸರಾಗಿದ್ದವನು ನಾನು. "ಇನ್ನೊಂದು ಕೀ ಇವ್ರ ಹತ್ರ ಇರುತ್ತೆ ಸಾರ್" ಎಂದೆ. ಸುಳ್ಳಾಡಲಿಲ್ಲ, ಆದರೂ —

"ನಾನ್ಯಾಕ್ ಒಡೀಲಿ ಸಾರ್? ನೀವೂ ಜೊತೇಲೇ ಇದ್ರಲ್ಲ, ಹೇಳಿ" ಎಂದು ನನ್ನತ್ತ ತಿರುಗಿದಿರಿ. ನಾನು ರಿಜಿಸ್ಟರಿನ ಪುಟ ತಿರುವುತ್ತಿದ್ದೆ.

ಹಾಳೆಗಳ ಲೆಕ್ಕ ಸರಿಯಿದ್ದರೂ ಮುದ್ರೆ ಒಡೆದ ಅನುಮಾನ ನಿಮ್ಮ ಮೇಲೆಯೇ ಉಳಿದು, ನಿಮ್ಮ ಬಡ್ತಿ ನಿಂತಿತು. ಹೊಸ ಮನೆಯಿಂದ ಗುಬ್ಬಿ, ತುಮಕೂರುಗಳಲ್ಲಿ ಬಸ್ಸು ಬದಲಿಸುತ್ತ ಕುಣಿಗಲ್ಲಿಗೆ ಓಡಾಡಿ, ಅದೇ ಹುದ್ದೆಯಲ್ಲೇ ನಿವೃತ್ತರಾದಿರಿ. ಆ ಮುದ್ರೆಯನ್ನು ನೀವು ಮುಟ್ಟಿರಲಿಲ್ಲವೆಂದು ಖಚಿತವಾಗಿ ತಿಳಿದಿದ್ದವನು ನಾನೊಬ್ಬನೇ.

ಕಳೆದ ವಾರ ತುಮಕೂರಿನ ಬಸ್ ನಿಲ್ದಾಣದಲ್ಲಿ ಸಿಕ್ಕಿರಿ. "ಏನ್ ಸಾರ್, ರಿಟೈರ್ ಆದ್ಮೇಲೂ ಅರ್ಧ ಗಂಟೆ ಮುಂಚೇನೇ ಬಂದ್ ನಿಂತಿದೀರಾ? ಬಸ್ ಲೇಟಾದ್ರೆ ಡ್ರೈವರ್‌ಗೂ ಮೆಮೋ ಕೊಡ್ತೀರೇನೋ" ಎಂದು ನಕ್ಕಿರಿ. ಆ ನಗುವನ್ನೂ ಅನುಮಾನಿಸಿದೆ — ಇವರಿಗೆ ಗೊತ್ತೇ? ಗೊತ್ತಿದ್ದೂ ಇಷ್ಟು ವರ್ಷ...

ಇಂದು ಬೆಳಿಗ್ಗೆ ಇಲಾಖೆಗೆ ಹೇಳಿಕೆ ಬರೆದೆ: ಒಡೆದವನು ನಾನು, ರುದ್ರಯ್ಯನವರ ಬಡ್ತಿಯ ಕಡತವನ್ನು ಮತ್ತೆ ತೆರೆಯಬೇಕು. ನನ್ನ ಪಿಂಚಣಿಗೆ ಏನಾದರೂ ಆಗಲಿ. ಅದನ್ನು ರಿಜಿಸ್ಟರ್ಡ್ ಅಂಚೆಗೆ ಹಾಕಿ ಬಂದ ಮೇಲೆಯೇ ನಿಮಗೆ ಇದನ್ನು ಬರೆಯಲು ಕುಳಿತೆ. ಮೊದಲು ನಿಮ್ಮ ಬಳಿ ಬಂದು, ನೀವು "ಹೋಗ್ಲಿ ಬಿಡಿ ಸಾರ್" ಎಂದುಬಿಟ್ಟಿದ್ದರೆ, ಆ ಹೇಳಿಕೆಯನ್ನು ನಾನು ಕಳುಹಿಸುತ್ತಿರಲಿಲ್ಲವೆಂಬ ಅನುಮಾನ ನನಗಿತ್ತು.